ಬೇಡದ ಭಕ್ತಿ ಚಾನೆಲ್‌ಗೆ ರೊಕ್ಕ ಕಟ್ಟೋದು ನಿಲ್ಲಿಸೋದು ಹೆಂಗ

ನಮಸ್ಕಾರ್ರಿ. ವಿದ್ಯಾನಗರ, ನವನಗರ ಕಡೆಯ ಭಾಳ ಮಂದಿ ಕೇಳಿದ್ದಕ್ಕ ಈ ಸೂಚನೆ.

ಮೊದಲು ರಿಮೋಟ್‌ನಾಗ ಗೈಡ್ ಒತ್ತಿ ಚಾನೆಲ್‌ನ ಬೆಲೆ ನೋಡ್ರಿ. ಭಕ್ತಿ ಚಾನೆಲ್‌ಗಳಲ್ಲಿ ಹೆಚ್ಚಿನವು ಉಚಿತ. ಅವನ್ನ ತೆಗೆಸಿದರ ಬಿಲ್ಲು ಇಳಿಯೂದಿಲ್ಲ. ರೊಕ್ಕ ಹೋಗೋದು ಪೇ ಚಾನೆಲ್ (ರೊಕ್ಕ ಕಟ್ಟಿ ನೋಡೋ ಚಾನೆಲ್) ಪ್ಯಾಕ್‌ಗೆ, ಮತ್ತ ಡಿಟಿಎಚ್‌ನವರು (ಮನಿ ಮ್ಯಾಲಿನ ಡಿಶ್‌ನಿಂದ ಟಿವಿ ಕೊಡೋ ಕಂಪನಿಯವರು) ತಾವೇ ನಡೆಸೋ ಭಕ್ತಿ ಸೇವೆಗೆ. ಈ ಸೇವೆ ಕೆಲವೊಮ್ಮೆ ಉಚಿತ ಅಂತ ಶುರುವಾಗಿ, ಆಮೇಲೆ ಸುಮ್ಮನೆ ಬ್ಯಾಲೆನ್ಸ್‌ನಿಂದ ಕಡಿತ ಆಗ್ತದ. ಆ ಕಂಪನಿಯ ಆ್ಯಪ್‌ನಾಗ ‘ನನ್ನ ಪ್ಯಾಕ್’ ತೆರೆದು ಮೊದಲು ಅದನ್ನ ಬಂದ್ ಮಾಡ್ರಿ.

ಪ್ಯಾಕ್ ಒಳಗಿಂದ ಒಂದೇ ಚಾನೆಲ್ ಕಿತ್ತು ತೆಗೆಯಾಕ ಬರೂದಿಲ್ಲ. ಇಡೀ ಪ್ಯಾಕ್ ಬಿಟ್ಟು, ಬೇಕಾದವನ್ನ ಬಿಡಿಯಾಗಿ ತಗೋಬೇಕು. 2019ರಿಂದ ಜಾರಿಯಾದ ಟ್ರಾಯ್ (ಟಿವಿ, ಫೋನ್ ಸೇವೆ ನಿಯಂತ್ರಿಸೋ ಕೇಂದ್ರದ ಪ್ರಾಧಿಕಾರ) ನಿಯಮದ ಪ್ರಕಾರ ಪ್ರತಿ ಪೇ ಚಾನೆಲ್ ಬಿಡಿಯಾಗಿ ಕೊಡಲೇಬೇಕು. ‘ಪ್ಯಾಕ್ ಬಿಟ್ಟು ಬ್ಯಾರೆ ಇಲ್ಲ’ ಅಂದರ ಒಪ್ಪಬ್ಯಾಡ್ರಿ.

ಆದರ ಲೆಕ್ಕ ಹಾಕೇ ಬದಲಿಸ್ರಿ. ಉದಾಹರಣೆಗೆ 60 ರೂಪಾಯಿ ಪ್ಯಾಕ್‌ನಾಗ ನೀವು ನೋಡೋದು 12, 5, 3 ರೂಪಾಯಿಯ ಮೂರೇ ಚಾನೆಲ್ ಇದ್ದರ, 18% ಜಿಎಸ್‌ಟಿ ಸೇರಿ 70.80 ಬದಲು 23.60 ಆಗ್ತದ. ಐದಾರು ದುಬಾರಿ ಚಾನೆಲ್ ಬೇಕಿದ್ದರ ಪ್ಯಾಕೇ ಅಗ್ಗ. ನೆಟ್‌ವರ್ಕ್ ಶುಲ್ಕ (ಚಾನೆಲ್ ಬೆಲೆ ಬಿಟ್ಟು ಸಂಪರ್ಕಕ್ಕ ಕಟ್ಟೋ ರೊಕ್ಕ) ಬ್ಯಾರೆ ಇರ್ತದ, ಅದು ಇದರಿಂದ ಸಾಮಾನ್ಯವಾಗಿ ಕಡಿಮಿ ಆಗೂದಿಲ್ಲ.

ಕೇಬಲ್‌ನವರಿಗೆ ಬಾಯಿ ಮಾತಿನಾಗ ಹೇಳಿದರ ಸಾಲದು. ಚಾನೆಲ್ ಪಟ್ಟಿ ಬರೆದು ವಾಟ್ಸ್‌ಆ್ಯಪ್‌ನಾಗ ಕಳಿಸ್ರಿ. ಕಂಪನಿಯ ಸಹಾಯವಾಣಿಗೂ ಹೇಳಿ ದೂರಿನ ಸಂಖ್ಯೆ ತಗೋರಿ. ಆಗಲಿಲ್ಲ ಅಂದರ ಅದೇ ಸಂಖ್ಯೆ ಹಾಕಿ ಆ ಕಂಪನಿಯ ನೋಡಲ್ ಅಧಿಕಾರಿಗೆ (ಬಗೆಹರಿಯದ ದೂರು ನೋಡೋ ಅಧಿಕಾರಿ) ಬರೀರಿ.

ಬಿಲ್ಲಿನ ಫೋಟೋ ಇಲ್ಲಿ ಹಾಕೋರು ಗ್ರಾಹಕ ಸಂಖ್ಯೆ ಮುಚ್ಚಿ ಹಾಕ್ರಿ.