ಸೆವೆಂತ್ ಸ್ಟ್ರೀಟಿನ ಹಳೇ ಪಬ್ಬು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನ್ಯೂಯಾರ್ಕಿನಲ್ಲಿ ಮೊದಲು ಏನು ನೋಡಲಿ ಅಂತ ಕೇಳಿದ್ದೆ. ಲಿಬರ್ಟಿ ಪ್ರತಿಮೆ, ಮ್ಯೂಸಿಯಮ್ಮುಗಳನ್ನು ನಾನು ಹೇಳದಿದ್ದರೂ ನೋಡುತ್ತೀಯ. ನಾನು ಹೇಳುವುದು ಒಂದು ಐರಿಷ್ ಪಬ್ಬಿನ ಬಗ್ಗೆ. ಮೆಕ್‌ಸೋರ್ಲೀಸ್ ಓಲ್ಡ್ ಏಲ್ ಹೌಸ್. ಏಲ್ ಅಂದರೆ ಒಂದು ಬಗೆಯ ಬಿಯರ್. ಈಸ್ಟ್ ವಿಲೇಜಿನಲ್ಲಿ, ಈಸ್ಟ್ ಸೆವೆಂತ್ ಸ್ಟ್ರೀಟ್, 15ನೇ ನಂಬರು. ಆಸ್ಟರ್ ಪ್ಲೇಸ್ ಸ್ಟೇಷನ್ನಿನಲ್ಲಿ ಇಳಿದು, ಕೂಪರ್ ಯೂನಿಯನ್ ಕಾಲೇಜಿನ ಹಳೇ ಕಟ್ಟಡ ದಾಟಿದರೆ ಬಂದೇಬಿಟ್ಟಿತು.

ನಾನು ಜರ್ಸಿ ಸಿಟಿಯಲ್ಲಿದ್ದಾಗ ಆಫೀಸಿನವರ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಬಾಗಿಲು ತೆಗೆದರೆ ಕಾಲಡಿಯಲ್ಲಿ ಮರದ ಹೊಟ್ಟು. ಮೂಲೆಯಲ್ಲಿ ಹೊಟ್ಟೆ ಉಬ್ಬಿದ ಕಬ್ಬಿಣದ ಒಲೆ. ಗೋಡೆ ತುಂಬ ಹಳದಿಗಟ್ಟಿದ ಪೇಪರ್ ಕಟಿಂಗುಗಳು, ಫೋಟೋಗಳು. ಮೆನು ಕಾರ್ಡು ನೋಡಿಕೊಂಡು ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಏಲ್ ಲೈಟಾ, ಡಾರ್ಕಾ? ಅಷ್ಟೇ. ಒಂದು ಕೇಳಿದರೆ ಎರಡು ಸಣ್ಣ ಮಗ್ ಬರುತ್ತವೆ, ಅರ್ಧದಷ್ಟು ನೊರೆ. ವೇಟರು ಎರಡೂ ಕೈಯಲ್ಲಿ ಹತ್ತಾರು ಮಗ್ ಹಿಡಿದು, ಜನರ ನಡುವೆ ನುಗ್ಗಿ ಬಂದು, ಟೇಬಲ್ ಮೇಲೆ ಧಡ್ ಅಂತ ಇಟ್ಟು ಹೋಗುತ್ತಾನೆ. ಜೊತೆಗೆ ಚೀಸ್ ಪ್ಲೇಟ್ ತಗೋ. ಚೀಸು, ಉಪ್ಪು ಬಿಸ್ಕತ್ತು, ದಪ್ಪಗೆ ಹೆಚ್ಚಿದ ಹಸಿ ಈರುಳ್ಳಿ. ಪಕ್ಕದಲ್ಲಿ ಮೂಗಿಗೆ ಹತ್ತುವ ಸಾಸಿವೆ. ಇಷ್ಟೇ ತಿಂಡಿ, ಆದರೆ ಆ ಏಲ್ ಜೊತೆ ಅದಕ್ಕಿಂತ ಚೆನ್ನಾಗಿರುವುದು ಬೇರೆ ಇಲ್ಲ ಅನ್ನಿಸುತ್ತದೆ.

ಐರ್ಲೆಂಡಿನಿಂದ ವಲಸೆ ಬಂದ ಜಾನ್ ಮೆಕ್‌ಸೋರ್ಲಿ 1854ರಲ್ಲಿ ಶುರು ಮಾಡಿದ್ದು ಅಂತ ಪಬ್ಬಿನವರು ಹೇಳುತ್ತಾರೆ. ಊರಿನ ದಾಖಲೆ ಹುಡುಕಿದವರು ಆ ಕಟ್ಟಡ ಎದ್ದಿದ್ದೇ 1861ರ ಸುಮಾರಿಗೆ ಅನ್ನುತ್ತಾರೆ. ಯಾವುದಾದರೂ ಇರಲಿ, ಅಷ್ಟು ಹಳೇ ಪಬ್ಬು ಮ್ಯಾನ್‌ಹಾಟನ್ನಿನಂಥ ದುಬಾರಿ ಜಾಗದಲ್ಲಿ ಹೇಗೆ ಉಳಿಯಿತು? ನನಗೆ ಕಾಣುವ ಮುಖ್ಯ ಕಾರಣ ಒಂದು. ಮೆಕ್‌ಸೋರ್ಲಿ 1888ರಲ್ಲಿ ಆ ಕಟ್ಟಡವನ್ನೇ ಕೊಂಡುಬಿಟ್ಟ. ಬಾಡಿಗೆ ಏರಿಸಿ ಓಡಿಸುವವರು ಯಾರೂ ಇರಲಿಲ್ಲ. ಆಮೇಲೂ ಅದು ಕೈ ಬದಲಾಯಿಸಿದ್ದು ಬಹಳ ಕಮ್ಮಿ, ಅದೂ ಆ ಜಾಗವನ್ನು ಹಚ್ಚಿಕೊಂಡವರ ಕೈಗೇ.

ಮೇಲೆ ತಲೆ ಎತ್ತಿ ನೋಡುವುದನ್ನು ಮರೆಯಬೇಡ. ಬಾರಿನ ಮೇಲಿನ ಹಳೇ ದೀಪದ ಕಂಬಿಗೆ ಟರ್ಕಿ ಕೋಳಿಯ ಎದೆಯ ಕವಲು ಮೂಳೆಗಳನ್ನು ತೂಗುಹಾಕಿದ್ದಾರೆ. ಅಲ್ಲಿನವರಿಗೆ ಅದು ಅದೃಷ್ಟದ ಗುರುತು. ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ಹೋಗುವ ಮುಂಚೆ ನೇತುಹಾಕಿದ್ದಂತೆ. ತಿರುಗಿ ಬಂದವರು ತಮ್ಮ ಮೂಳೆ ತೆಗೆದುಕೊಂಡರು. ಬಾರದವರದು ಅಲ್ಲೇ ಉಳಿಯಿತು. ಹಾಗಂತ ಅಲ್ಲಿನವರು ಹೇಳುವ ಕಥೆ. 2011ರಲ್ಲಿ ಆರೋಗ್ಯ ಇಲಾಖೆಯವರು ಧೂಳು ತೆಗೆಯಿರಿ ಅಂದಾಗ, ಮಾಲೀಕ ಮ್ಯಾಥ್ಯೂ ಮಾಹರ್ ಬೇರೆ ಯಾರಿಗೂ ಮುಟ್ಟಲು ಬಿಡದೆ ತಾವೇ ಇಳಿಸಿ ಒರೆಸಿದರು.

ನಿನಗೆ ಬರೆಯಬೇಕು ಅನ್ನಿಸಿದ್ದು ಮಾತ್ರ ಇನ್ನೊಂದು ವಿಷಯಕ್ಕೆ. ಈ ಪಬ್ಬಿನ ಹಳೇ ಘೋಷಣೆ ಏನು ಗೊತ್ತಾ? ಒಳ್ಳೇ ಏಲ್, ಹಸಿ ಈರುಳ್ಳಿ, ಹೆಂಗಸರಿಗೆ ಪ್ರವೇಶವಿಲ್ಲ. ನೂರಕ್ಕೂ ಜಾಸ್ತಿ ವರ್ಷ ಹೀಗೇ ನಡೆಯಿತು. 1936ರಲ್ಲಿ ಮೆಕ್‌ಸೋರ್ಲಿಯ ಮಗ ಬಿಲ್ ಪಬ್ಬನ್ನು ಅಲ್ಲಿನ ಗಿರಾಕಿಯೇ ಆಗಿದ್ದ ಡೇನಿಯಲ್ ಓಕಾನೆಲ್ ಅನ್ನುವ ಪೊಲೀಸಿನವನಿಗೆ ಮಾರಿದ. ಮೂರೇ ವರ್ಷಕ್ಕೆ ಓಕಾನೆಲ್ ತೀರಿಕೊಂಡು, ಪಬ್ಬು ಮಗಳು ಡೊರೊತಿಯ ಪಾಲಿಗೆ ಬಂತು. ಹೆಂಗಸರನ್ನು ಒಳಗೆ ಬಿಡುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದಳು. ತನ್ನದೇ ಪಬ್ಬು, ಆದರೂ ಭಾನುವಾರ ಬಾಗಿಲು ಹಾಕಿದ ಮೇಲೆ ಮಾತ್ರ ಒಳಗೆ ಬರುತ್ತಿದ್ದಳಂತೆ!

1969ರಲ್ಲಿ ಫೇತ್ ಸೈಡನ್‌ಬರ್ಗ್, ಕ್ಯಾರನ್ ಡಿಕ್ರೋ ಅನ್ನುವ ಇಬ್ಬರು ಹೆಂಗಸರು ಬೇಕೆಂದೇ ಒಳಗೆ ಹೋದರು. ಏಲ್ ಕೊಡಲಿಲ್ಲ. ಕೋರ್ಟಿಗೆ ಹೋದರು. ಸರ್ಕಾರದ ಲೈಸೆನ್ಸ್ ತಗೊಂಡು ನಡೆಸುವ ಜಾಗ ಹೆಂಗಸರನ್ನು ಹೊರಗಿಡುವ ಹಾಗಿಲ್ಲ ಅಂತ 1970ರಲ್ಲಿ ಫೆಡರಲ್ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅದೇ ಹೊತ್ತಿಗೆ ಅದನ್ನೇ ಹೇಳುವ ಊರಿನ ಕಾನೂನೂ ಬಂತು. ಆ ವರ್ಷ ಆಗಸ್ಟ್ 10ಕ್ಕೆ ಬಾಗಿಲು ತೆರೆಯಿತು. ಮೊದಲ ಗಿರಾಕಿಯಾಗಿ ಬಾ ಅಂತ ಡೊರೊತಿಯನ್ನು ಕರೆದರಂತೆ. ಅಪ್ಪನಿಗೆ ಕೊಟ್ಟ ಮಾತು ಮುರಿಯಲಾರೆ ಅಂತ ಅವಳು ಬರಲಿಲ್ಲ. ಅದೇ ಬೀದಿಯಲ್ಲಿ ಚರ್ಮದ ಅಂಗಡಿ ಇಟ್ಟಿದ್ದ ಬಾರ್ಬರಾ ಶಾಮ್ ಹೋಗಿ ಮೊದಲ ಮಗ್ ಕುಡಿದಳು. ಹೆಂಗಸರಿಗೆ ಬೇರೆ ಟಾಯ್ಲೆಟ್ ಬಂದಿದ್ದು 1986ರಲ್ಲಿ. ಹದಿನಾರು ವರ್ಷ ಹಿಡಿಯಿತು ನೋಡು.

ಡೊರೊತಿಯನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಅವಳ ನಿಷ್ಠೆ ದೊಡ್ಡದು. ಆದರೆ ಮಗಳಿಂದ ಅಂಥ ಮಾತು ತೆಗೆದುಕೊಂಡ ಅಪ್ಪನನ್ನು ನಾನು ಒಪ್ಪಲಾರೆ. ಹಳೇದು ಉಳಿಯಲಿ ಅಂತ ಮಗಳ ಕಾಲಿಗೆ ಹಗ್ಗ ಕಟ್ಟುವುದು ಎಲ್ಲಿಯ ನ್ಯಾಯ? ಮ್ಯಾಥ್ಯೂ ಮಾಹರ್ 1960ರ ದಶಕದಲ್ಲಿ ಐರ್ಲೆಂಡಿನಿಂದ ಬಂದು ಅಲ್ಲೇ ಕೆಲಸಕ್ಕೆ ಸೇರಿ, 1977ರಲ್ಲಿ ಪಬ್ಬನ್ನೇ ಕೊಂಡವರು. 1994ರಲ್ಲಿ ಅವರ ಮಗಳು ತೆರೇಸಾ ಬಾರಿನ ಹಿಂದೆ ನಿಂತು ಏಲ್ ಸುರಿದಳು. ಆ ಜಾಗದಲ್ಲಿ ನಿಂತ ಮೊದಲ ಹೆಣ್ಣು ಅವಳು. ಹೊಟ್ಟು, ಒಲೆ, ಮೂಳೆ ಯಾವುದೂ ಕದಲಲಿಲ್ಲ. ಜನ ಬರುವುದೂ ನಿಲ್ಲಲಿಲ್ಲ.

ಅದಕ್ಕೇ ನೀನು ಹೋಗಬೇಕು ಅನ್ನುವುದು. ಶನಿವಾರ ರಾತ್ರಿ ಬೇಡ, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನವಂತೂ ಬೇಡವೇ ಬೇಡ, ಕ್ಯೂ ಬೀದಿಗೆ ಬಂದಿರುತ್ತದೆ. ವಾರದ ದಿನ ಮಧ್ಯಾಹ್ನ ನಿನ್ನ ಗೆಳತಿಯರ ಜೊತೆ ಹೋಗು. ಒಲೆಯ ಹತ್ತಿರದ ಟೇಬಲ್ ಸಿಕ್ಕರೆ ಬಿಡಬೇಡ. ಕೈಯಲ್ಲಿ ಕ್ಯಾಶ್ ಇರಲಿ, ನಾನಿದ್ದಾಗ ಕಾರ್ಡ್ ತಗೊಳ್ಳುತ್ತಿರಲಿಲ್ಲ. ನನಗೆ ಡಾರ್ಕ್ ಇಷ್ಟ. ನಿನಗೆ ಯಾವುದು ಹಿಡಿಸಿತು ಅಂತ ಫೋನ್ ಮಾಡಿ ಹೇಳು.

ಪ್ರೀತಿಯಿಂದ,
ಅಪ್ಪ