ನನ್ನನ್ನು ಮನೆ ಮುಟ್ಟಿಸಿದ ಎಲ್ಲರಿಗೂ

ಯೆಮೆನ್ ದೇಶದ ಬಂದರು ನಗರ ಏಡನ್ ಬಿಟ್ಟು ಬಂದು 2025ರ ಏಪ್ರಿಲ್‌ಗೆ ಹತ್ತು ವರ್ಷ ತುಂಬಿತು. ಅಲ್ಲಿಗೆ ಹೋಗಲು ಮಾಡಿದ ಸಾಲ, ಬರಿಗೈಯಲ್ಲಿ ಬಂದ ಮೇಲೆ ಮಾಡಿದ ಸಾಲ, ಎರಡೂ ಅದೇ ವರ್ಷ ತೀರಿದವು. ಸೊಸೈಟಿಯಲ್ಲಿ ಅಡವಿಟ್ಟಿದ್ದ ಆಯಿಯ (ನನ್ನ ಅಮ್ಮನ) ಬಳೆ ಮನೆಗೆ ಬಂದಿವೆ. ಇನ್ನು ತಡಮಾಡದೆ ನಾಲ್ಕು ಜನರ ಮುಂದೆ ಹೇಳಬೇಕಾದ ಮಾತು ಒಂದು ಉಳಿದಿದೆ.

ನಿನ್ನನ್ನು ಯಾರು ಕರೆದುಕೊಂಡು ಬಂದರು ಎಂದು ಊರಲ್ಲಿ ಯಾರಾದರೂ ಕೇಳಿದರೆ ನಮ್ಮ ನೌಕಾಪಡೆ ಎನ್ನುತ್ತೇನೆ. ಅದು ನಿಜ. ಸಾಯುವವರೆಗೂ ಹಾಗೆಯೇ ಹೇಳುತ್ತೇನೆ. ಆದರೆ ಅಷ್ಟೇ ಹೇಳಿ ಸುಮ್ಮನಾದರೆ ಬಹಳ ಜನರ ಋಣ ಮರೆತ ಹಾಗಾಗುತ್ತದೆ. ಏಡನ್‌ನಿಂದ ಕಾರವಾರದವರೆಗೆ ನಾನು ಬಂದದ್ದು ಹಲವರ ಕೈಯಿಂದ ಕೈಗೆ. ಅವರಲ್ಲಿ ಎಷ್ಟೋ ಜನ ಬೇರೆ ದೇಶದವರು. ಕೆಲವು ದೇಶಗಳಿಗೆ ಒಂದಕ್ಕೊಂದು ಆಗುವುದೇ ಇಲ್ಲ.

ಮೊದಲ ಕೃತಜ್ಞತೆ ಯೆಮೆನ್‌ನವರಿಗೆ.

ನಾನು ಏಡನ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮಲ್ಲಿ ಕೇರಳದ ಹುಡುಗಿಯರೇ ಜಾಸ್ತಿ, ಕರ್ನಾಟಕದವರು ಬೆರಳೆಣಿಕೆಯಷ್ಟು. 2014ರ ಸೆಪ್ಟೆಂಬರ್‌ನಲ್ಲಿ ಹೌತಿ ಬಂಡುಕೋರರು ರಾಜಧಾನಿ ಸನಾ ಹಿಡಿದಾಗಲೂ ಏಡನ್‌ನಲ್ಲಿ ಅಂಗಡಿ ತೆರೆದಿತ್ತು, ಮದುವೆ ನಡೆಯುತ್ತಿತ್ತು. ಮರುವರ್ಷ ಮಾರ್ಚ್ ಕೊನೆಗೆ ಅವರು ಏಡನ್ ಬಾಗಿಲಿಗೇ ಬಂದರು. ಮಾರ್ಚ್ 26ರಿಂದ ಸೌದಿ ಅರೇಬಿಯಾ ಮತ್ತು ಅದರ ಜೊತೆಗಿನ ದೇಶಗಳ ವಿಮಾನಗಳು ಬಾಂಬ್ ಹಾಕತೊಡಗಿದವು. ಖೋರ್ಮಕ್ಸರ್‌ನ ವಿಮಾನ ನಿಲ್ದಾಣ ಮುಚ್ಚಿತು. ಬೀದಿಯಲ್ಲಿ ಗುಂಡಿನ ಕಾಳಗ. ಕರೆಂಟ್ ಇಲ್ಲ, ಜನರೇಟರ್‌ಗೆ ಡೀಸೆಲ್ ಇಲ್ಲ. ಗಾಯಾಳುಗಳನ್ನು ಮಲಗಿಸಲು ಮಂಚ ಸಾಲದೆ ವರಾಂಡದಲ್ಲಿ ಚಾಪೆ ಹಾಸಿದೆವು.

ನಮ್ಮ ಪಾಸ್‌ಪೋರ್ಟ್‌ಗಳು ಆಸ್ಪತ್ರೆಯ ಕಪಾಟಿನಲ್ಲಿದ್ದವು. ಸಂಬಳವೂ ಬಾಕಿ ಇತ್ತು. ಸಂಬಳ ಬರಲೇ ಇಲ್ಲ, ಆ ಮಾತು ಬಿಡಿ. ಪಾಸ್‌ಪೋರ್ಟ್ ಬಂತು. ಕಚೇರಿಯ ಒಬ್ಬ ಗುಮಾಸ್ತರು ಯಾರನ್ನೂ ಕೇಳದೆ ಕಪಾಟು ತೆಗೆದು, ಒಂದೊಂದೇ ಹೆಸರು ಕೂಗಿ ನಮ್ಮ ಕೈಗೆ ಕೊಟ್ಟರು. ಆಮೇಲೆ ಅವರಿಗೆ ಏನು ತೊಂದರೆ ಬಂತೋ. ಆ ಗಳಿಗೆಯಲ್ಲಿ ಅದರ ಯೋಚನೆಯನ್ನು ಅವರು ಮಾಡಲಿಲ್ಲ.

ವಾರ್ಡಿನಲ್ಲಿ ಒಬ್ಬರು ಹಿರಿಯ ನರ್ಸ್ ಇದ್ದರು. ನಾವು ಅವರನ್ನು ಖಾಲಾ ಎಂದು ಕರೆಯುತ್ತಿದ್ದೆವು, ಚಿಕ್ಕಮ್ಮನ ಹಾಗೆ. ಬಂದರಿಗೆ ಭಾರತದ ಹಡಗು ಬರುತ್ತದೆ ಎಂದು ರಾಯಭಾರ ಕಚೇರಿಯಿಂದ ಫೋನ್ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಕಾಲಿಗೆ ಗುಂಡು ತಗುಲಿದ ಹುಡುಗನೊಬ್ಬನಿಗೆ ಡ್ರೆಸಿಂಗ್ ಮಾಡುತ್ತಿದ್ದೆ. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಖಾಲಾ ಬಂದು ನನ್ನ ಕೈಯಿಂದ ಗಾಜ್ ಬಟ್ಟೆ ತೆಗೆದುಕೊಂಡರು. "ಇದು ನಮ್ಮ ಊರು, ನಾವು ನೋಡಿಕೊಳ್ಳುತ್ತೇವೆ. ನಿನ್ನ ತಾಯಿ ಕಾಯುತ್ತಿದ್ದಾಳೆ, ಹೋಗು" ಎಂದರು. ಅವರ ಮನೆ ಇದ್ದ ಬೀದಿಯಲ್ಲಿ ಅವತ್ತು ಬೆಳಿಗ್ಗೆ ಶೆಲ್ ಬಿದ್ದಿತ್ತು. ಆದರೂ ಡ್ಯೂಟಿಗೆ ಬಂದಿದ್ದರು.

ಬಂದರಿಗೆ ನಮ್ಮನ್ನು ಕರೆದೊಯ್ದದ್ದು ಆಸ್ಪತ್ರೆಯ ಆಂಬ್ಯುಲೆನ್ಸ್ ಚಾಲಕ. ದಾರಿಯುದ್ದಕ್ಕೂ ಚೆಕ್‌ಪೋಸ್ಟ್. ಒಂದು ಕಡೆ ಒಬ್ಬರ ಕಡೆಯವರು, ಇನ್ನೊಂದು ಕಡೆ ಇನ್ನೊಬ್ಬರ ಕಡೆಯವರು, ಎಲ್ಲರ ಕೈಯಲ್ಲೂ ಬಂದೂಕು. ಪ್ರತಿ ಕಡೆಯೂ ಆತ ಕೆಳಗಿಳಿದು, ಇವರು ಹಿಂದ್‌ನ ನರ್ಸ್‌ಗಳು, ನಿಮ್ಮವರ ಗಾಯಕ್ಕೂ ಇವರೇ ಪಟ್ಟಿ ಕಟ್ಟಿದ್ದು ಎಂದು ಹೇಳುತ್ತಿದ್ದ. ಅವರು ಬಿಟ್ಟರು. ನಮ್ಮನ್ನು ಇಳಿಸಿ ಅದೇ ದಾರಿಯಲ್ಲಿ ಒಬ್ಬನೇ ವಾಪಸ್ ಹೋದ. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಅವನಿಗೆ ಪತ್ರಿಕೆಯಲ್ಲಿ ಫೋಟೋ ಇಲ್ಲ, ಸನ್ಮಾನವಿಲ್ಲ. ಅದಕ್ಕೇ ಇಲ್ಲಿ ಮೊದಲು ಅವನನ್ನು ನೆನೆಯುತ್ತಿದ್ದೇನೆ.

ಅವತ್ತು ಮಾರ್ಚ್ 31. ಬಂದರಿಗೆ ಬಂದ ಹಡಗು ಐಎನ್‌ಎಸ್ ಸುಮಿತ್ರಾ. ಕಡಲ್ಗಳ್ಳರ ಮೇಲೆ ಕಣ್ಣಿಡಲು ಏಡನ್ ಕೊಲ್ಲಿಯಲ್ಲಿ ಗಸ್ತು ತಿರುಗುತ್ತಿದ್ದ ಹಡಗು. ಅಲ್ಲಿಂದ ನೇರ ಗುಂಡು ಹಾರುತ್ತಿದ್ದ ಬಂದರಿಗೆ ತಂದಿದ್ದರು. ನಾವು ಕಾರವಾರದವರು ಹೆದ್ದಾರಿಯಲ್ಲಿ ಹೋಗುವಾಗ ದಿನಾ ನೌಕಾಪಡೆಯ ಬೂದು ಹಡಗು ನೋಡುತ್ತೇವೆ, ಅಲ್ವಾ? ಅವುಗಳ ಮುಂದೆ ಇದು ಸಣ್ಣದು. ಸಿಬ್ಬಂದಿ ನೂರರ ಆಸುಪಾಸು. ಅಂಥದ್ದರಲ್ಲಿ ಅವತ್ತು 349 ಜನ ಹತ್ತಿದೆವು. ನಾವಿಕರು ತಮ್ಮ ಬಂಕ್‌ಗಳನ್ನು ಹೆಂಗಸರಿಗೆ, ಮಕ್ಕಳಿಗೆ ಬಿಟ್ಟುಕೊಟ್ಟು ತಾವು ನಿಂತೇ ರಾತ್ರಿ ಕಳೆದರು. ಬಿಸಿ ಅನ್ನ, ದಾಲ್, ಚಹಾ ಕೊಟ್ಟರು. ಎಷ್ಟೋ ದಿನಗಳ ಮೇಲೆ ಬಿಸಿ ಊಟ. ಊರು ಯಾವುದು ಎಂದು ಒಬ್ಬ ನಾವಿಕ ಹಿಂದಿಯಲ್ಲಿ ಕೇಳಿದ. ಕಾರವಾರ ಎಂದೆ. ಅವನ ಮುಖ ಅರಳಿತು. ಮೊದಲು ಅಲ್ಲೇ ಪೋಸ್ಟಿಂಗ್ ಇತ್ತಂತೆ, ಅಮದಳ್ಳಿಯ ಕ್ವಾರ್ಟರ್ಸ್‌ನಲ್ಲಿ ಇದ್ದನಂತೆ. ಬೈತಖೋಲದ ಮೀನಿನ ರುಚಿ ನೆನಪಿಸಿಕೊಂಡ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಆ ತಮ್ಮನಿಗೂ, ಆ ಹಡಗಿನ ಪ್ರತಿಯೊಬ್ಬರಿಗೂ ಈ ಜನ್ಮದಲ್ಲಿ ಋಣ ತೀರಿಸಲು ನನ್ನಿಂದ ಆಗದು.

ಮರುದಿನ ಇಳಿದದ್ದು ಜಿಬೂಟಿಯಲ್ಲಿ. ಆ ದೇಶದ ಹೆಸರನ್ನೇ ನಾನು ಅದುವರೆಗೆ ಕೇಳಿರಲಿಲ್ಲ. ಆಫ್ರಿಕಾದ ಅಂಚಿನ ಪುಟ್ಟ ದೇಶ, ಜನಸಂಖ್ಯೆ ಆಗ ಹತ್ತು ಲಕ್ಷದ ಆಸುಪಾಸು. ಅಲ್ಲಿ ನಮ್ಮ ರಾಯಭಾರ ಕಚೇರಿ ಕೂಡ ಇರಲಿಲ್ಲ. ಆದರೂ ಬಂದರು ಕೊಟ್ಟರು, ವಿಮಾನ ನಿಲ್ದಾಣ ಕೊಟ್ಟರು. ನಮಗೆ ಮಾತ್ರ ಅಲ್ಲ, ಬಂದ ಎಲ್ಲ ದೇಶದವರಿಗೂ ಕೊಟ್ಟರು. ಓಡಿಬಂದ ಯೆಮೆನ್ ಜನರಿಗೆ ಓಬೋಕ್‌ನಲ್ಲಿ ಶಿಬಿರ ಕಟ್ಟಲು ಜಾಗವನ್ನೂ ಕೊಟ್ಟರು. ತಮಗೇ ನೀರಿಗೆ ಕಷ್ಟ ಇರುವ ಸೀಮೆ ಅದು. ದೊಡ್ಡ ದೊಡ್ಡ ದೇಶಗಳು ಗಡಿಗೆ ಬೇಲಿ ಹಾಕುವ ಕಾಲದಲ್ಲಿ ಈ ಪುಟ್ಟ ದೇಶ ಮಾಡಿದ್ದನ್ನು ನಾವು ಸಾಕಷ್ಟು ಕೊಂಡಾಡಿಲ್ಲ ಎಂದೇ ನನ್ನ ಅಭಿಪ್ರಾಯ. 2019ರಲ್ಲಿ ಅಲ್ಲಿನ ಅಧ್ಯಕ್ಷ ಇಸ್ಮಾಯಿಲ್ ಒಮರ್ ಗೆಲ್ಲೆ ಅವರಿಗೆ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟಾಗ, ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದವರು ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು.

ಜಿಬೂಟಿಯಿಂದ ವಾಯುಪಡೆಯ ದೊಡ್ಡ ಸಿ-17 ವಿಮಾನಗಳು ನಮ್ಮನ್ನು ಮುಂಬೈಗೆ, ಕೊಚ್ಚಿಗೆ ತಂದವು. ಅಲ್ಲಿಂದ ಕೊಂಕಣ ರೈಲು, ಕಾರವಾರ.

ಮನೆಗೆ ಬಂದ ಮೇಲೆ ಹಳೆಯ ಪತ್ರಿಕೆಗಳನ್ನೆಲ್ಲ ಹುಡುಕಿ ಓದಿದೆ. ಒಳಗಿದ್ದಾಗ ತಿಳಿಯದ್ದು ಆಗ ತಿಳಿಯಿತು. ಆ ಕಾರ್ಯಾಚರಣೆಗೆ ರಾಹತ್ ಎಂದು ಹೆಸರು. ಸುಮಿತ್ರಾ ಜೊತೆಗೆ ಐಎನ್‌ಎಸ್ ಮುಂಬೈ, ಐಎನ್‌ಎಸ್ ತರ್ಕಶ್ ಕೂಡ ದುಡಿದಿದ್ದವು. ಏಡನ್ ಒಂದೇ ಅಲ್ಲ, ಹೊದೈದಾ, ಮುಕಲ್ಲಾ ಬಂದರುಗಳಿಂದಲೂ ಜನರನ್ನು ತಂದಿದ್ದರು. ಸಚಿವ ವಿ.ಕೆ. ಸಿಂಗ್ ಜಿಬೂಟಿಯಲ್ಲೇ ಕೂತು ಕೆಲಸ ನೋಡಿಕೊಂಡಿದ್ದರು. ಸನಾದಿಂದ ಏರ್ ಇಂಡಿಯಾ ವಿಮಾನಗಳು ಹಾರಿದ್ದವು. ಅವು ಹಾರಬೇಕಾದರೆ ಬಾಂಬ್ ಹಾಕುತ್ತಿದ್ದ ಸೌದಿ ಅರೇಬಿಯಾ ದಿನಕ್ಕೆ ಕೆಲವು ಗಂಟೆ ಆಕಾಶ ಬಿಟ್ಟುಕೊಡಬೇಕಿತ್ತು. ದೆಹಲಿಯಿಂದ ದೊರೆಯ ಜೊತೆ ಮಾತಾಡಿದರು, ಆ ಗಂಟೆಗಳು ಸಿಕ್ಕವು. ಕೊನೆಗೆ ಬಂದ ಲೆಕ್ಕ ಹೀಗಿದೆ: 4,640ಕ್ಕೂ ಹೆಚ್ಚು ಭಾರತೀಯರು, ಜೊತೆಗೆ 41 ದೇಶಗಳ 960 ಜನ.

ಈ 960ರ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆಯವರನ್ನು ನಾವ್ಯಾಕೆ ಹೊತ್ತು ತರಬೇಕಿತ್ತು ಎಂದು ನನ್ನೆದುರೇ ಕೇಳಿದವರಿದ್ದಾರೆ. ಅವರಿಗೆ ನಾನು ಮುಕಲ್ಲಾದ ಕಥೆ ಹೇಳುತ್ತೇನೆ. ಏಪ್ರಿಲ್ ಮೊದಲ ವಾರ ಆ ಊರು ಅಲ್ ಖೈದಾ ಕೈಗೆ ಹೋಯಿತು. ಅಲ್ಲಿ ಸಿಕ್ಕಿಬಿದ್ದಿದ್ದ 11 ಭಾರತೀಯರನ್ನು ಹತ್ತಿಸಿಕೊಂಡದ್ದು ಪಾಕಿಸ್ತಾನದ ಯುದ್ಧನೌಕೆ ಅಸ್ಲತ್. ಕರಾಚಿಗೆ ಕರೆದೊಯ್ದು, ಅಲ್ಲಿಂದ ವಿಶೇಷ ವಿಮಾನದಲ್ಲಿ ದೆಹಲಿಗೆ ತಲುಪಿಸಿದರು. ಆ 11 ಜನರ ಮನೆಯವರನ್ನು ಕೇಳಿ, ಹಡಗಿನ ಮೇಲೆ ಯಾವ ಬಾವುಟ ಇದ್ದರೆ ಬೇಡ ಅನ್ನುತ್ತಿದ್ದಿರಿ ಎಂದು. ಇನ್ನೂ ಒಂದಿದೆ. ನನ್ನನ್ನು ಹೊತ್ತು ತಂದ ಅದೇ ಸುಮಿತ್ರಾ 2024ರ ಜನವರಿಯಲ್ಲಿ ಸೊಮಾಲಿಯಾ ಕಡೆಯ ಸಮುದ್ರದಲ್ಲಿ ಕಡಲ್ಗಳ್ಳರ ಕೈಯಿಂದ ಎರಡು ಮೀನುಗಾರಿಕಾ ದೋಣಿಗಳನ್ನು ಬಿಡಿಸಿತು. ಒಂದರಲ್ಲಿ 17 ಇರಾನಿಯರು, ಇನ್ನೊಂದರಲ್ಲಿ 19 ಪಾಕಿಸ್ತಾನಿಯರು. ಎಲ್ಲರೂ ಬಲೆ ಹಾಕಿ ಬದುಕುವವರು, ನಮ್ಮ ಖಾರ್ವಿ, ಹರಿಕಂತ್ರ, ಗಾಬಿತರ ಮನೆಯವರ ಹಾಗೆ. ಗಂಡ ಸಮುದ್ರಕ್ಕೆ ಹೋಗಿ ಬರದಿದ್ದರೆ ದಡದಲ್ಲಿ ಏನಾಗುತ್ತದೆ ಎಂದು ಈ ಕರಾವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯುದ್ಧದ ಸರಿ ತಪ್ಪು ತೀರ್ಮಾನಿಸುವಷ್ಟು ರಾಜಕೀಯ ನನಗೆ ಗೊತ್ತಿಲ್ಲ. ಬಾಂಬ್ ಹಾಕಿದವರೂ ಯೆಮೆನ್‌ನ ಸರ್ಕಾರ ಉಳಿಸಲು ಬಂದೆವು ಎಂದರು. ನಾನು ಕಂಡದ್ದು ವರಾಂಡದ ಚಾಪೆಯನ್ನು. ಹೊರಗಿನವರು ನೆರವಿಗೆ ಬರುವುದು ಅಂದರೆ ನನ್ನ ಮಟ್ಟಿಗೆ ಏಪ್ರಿಲ್ 8ರಂದು ನಡೆದದ್ದು. ನಾವು ಬಂದ ದಾರಿಯಲ್ಲೇ ತಿರುಗಿ, ಜಿಬೂಟಿಯಿಂದ ಏಡನ್‌ಗೆ ದೋಣಿಯಲ್ಲಿ, ರೆಡ್ ಕ್ರಾಸ್‌ನ ಶಸ್ತ್ರಚಿಕಿತ್ಸೆಯ ತಂಡ ಹೋಯಿತು, ಗಡಿಗಳಿಲ್ಲದ ವೈದ್ಯರ ಸಂಸ್ಥೆಯವರು ಔಷಧ ಕಳಿಸಿದರು. ನಾವು ಓಡಿಬಂದ ಜಾಗಕ್ಕೆ ಅವರು ಬೇಕೆಂದೇ ಹೋದರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಖಾಲಾ ಅಲ್ಲಿ ಒಬ್ಬರೇ ಇಲ್ಲ ಎಂದು ಸಮಾಧಾನವೂ ಆಯಿತು.

ಆಮೇಲೆ ಯೆಮೆನ್‌ಗೆ ಏನಾಯಿತು ಎಂಬುದನ್ನು ಜಗತ್ತು ಅಷ್ಟಾಗಿ ನೋಡಲಿಲ್ಲ. 2017ರ ಕೊನೆಯ ಹೊತ್ತಿಗೆ ಕಾಲರಾ ಶಂಕಿತರ ಸಂಖ್ಯೆ ಹತ್ತು ಲಕ್ಷ ದಾಟಿತು. ಕಾಲರಾಕ್ಕೆ ಬೇಕಾದದ್ದು ಶುದ್ಧ ನೀರು, ಓಆರ್‌ಎಸ್, ಡ್ರಿಪ್. ಸಕಾಲಕ್ಕೆ ಸಿಕ್ಕರೆ ರೋಗಿ ಎದ್ದು ಕೂರುತ್ತಾನೆ. 2021ರ ಕೊನೆಯವರೆಗೆ ಆ ಯುದ್ಧದಿಂದ 3,77,000 ಜನ ಸತ್ತರು ಎಂದು ವಿಶ್ವಸಂಸ್ಥೆಯ ಅಂದಾಜು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಂಡಿಗೆ ಸತ್ತವರಲ್ಲ. ಹಸಿವಿಗೆ, ರೋಗಕ್ಕೆ, ಆಸ್ಪತ್ರೆ ಇಲ್ಲದ್ದಕ್ಕೆ ಸತ್ತವರು. ನರ್ಸ್ ಆದವಳಿಗೆ ಇದನ್ನು ಓದಿ ಸುಮ್ಮನೆ ಮಲಗಲು ಆಗುವುದಿಲ್ಲ.

ನಮಗೂ ಕಷ್ಟ ಬಂದಾಗ ಸಮುದ್ರದ ಆಚೆಯಿಂದಲೇ ನೆರವು ಬಂತಲ್ಲ. 2021ರ ಮೇ ತಿಂಗಳಲ್ಲಿ ನಾನು ಇಲ್ಲೇ ಕೋವಿಡ್ ವಾರ್ಡಿನಲ್ಲಿದ್ದೆ. ಮುಂದಿನ ಸಿಲಿಂಡರ್ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ರಾತ್ರಿ ಕಳೆದ ದಿನಗಳು ಅವು. ಮೇ 5ರಂದು ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ಆಮ್ಲಜನಕದ ಟ್ಯಾಂಕ್‌ಗಳನ್ನು ಹೊತ್ತು ಮಂಗಳೂರು ಬಂದರಿಗೆ ಬಂತು. ಕುವೈತ್, ಕತಾರ್, ಸಿಂಗಾಪುರದಿಂದಲೂ ಹಡಗುಗಳು ತಂದವು. ಆ ದೇಶಗಳಿಗೂ ನನ್ನ ನಮಸ್ಕಾರ.

ಈಗ ಊರಿನವರಿಗೆ. ನಾನು ಅಲ್ಲಿ ಸಿಕ್ಕಿಬಿದ್ದಾಗ ಪಕ್ಕದ ಮನೆಯ ನಿವೃತ್ತ ನೌಕಾಪಡೆಯ ಅಂಕಲ್ ದಿನಾ ಸಂಜೆ ಬಂದು, ನಕಾಶೆ ಹರಡಿ ಹಡಗು ಎಲ್ಲಿರಬಹುದು ಎಂದು ಆಯಿಗೆ ಹೇಳುತ್ತಿದ್ದರು. ಆಯಿಗೆ ಕೊಂಕಣಿ ಬಿಟ್ಟು ಬೇರೆ ಭಾಷೆ ಸಲೀಸಲ್ಲ. ಅಂಕಲ್ ಪಂಜಾಬಿನವರು. ಹೇಗೆ ಮಾತಾಡಿಕೊಂಡರೋ, ಆಯಿ ಧೈರ್ಯ ಬಿಡಲಿಲ್ಲ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ನಮ್ಮ ಕಂತನ್ನು ತಾವೇ ಸೇರಿ ಕಟ್ಟಿದರು. ಬರಿಗೈಯಲ್ಲಿ ಬಂದವಳಿಗೆ ಇಲ್ಲಿನ ಡಾಕ್ಟರ್ ಒಬ್ಬರು ಅನುಭವ ಪತ್ರವನ್ನೂ ಕೇಳದೆ ಕೆಲಸ ಕೊಟ್ಟರು. ಇವರಿಗೆಲ್ಲ ಮನೆಗೇ ಹೋಗಿ ಕೈಮುಗಿದಿದ್ದೇನೆ. ಇಲ್ಲಿಯೂ ಮುಗಿಯುತ್ತೇನೆ.

2025ರ ಏಪ್ರಿಲ್ 5ರಂದು ನಮ್ಮ ಕಾರವಾರದ ನೆಲೆಯಿಂದ ಐಎನ್‌ಎಸ್ ಸುನಯನಾ ಹೊರಟದ್ದನ್ನು ನೀವೂ ಓದಿರಬಹುದು. ಅದರಲ್ಲಿ ನಮ್ಮ ನಾವಿಕರ ಜೊತೆ ಒಂಬತ್ತು ದೇಶಗಳ 44 ಜನ ಇದ್ದರು. ಕೀನ್ಯಾ, ಶ್ರೀಲಂಕಾ, ಮಾಲ್ಡೀವ್ಸ್, ಮೊಜಾಂಬಿಕ್, ಹೀಗೆ. ಬೇರೆ ಬೇರೆ ದೇಶದವರು ಒಂದೇ ಹಡಗಿನಲ್ಲಿ ಕೆಲಸ ಕಲಿತರೆ, ನಾಳೆ ಎಲ್ಲೋ ಒಂದು ಬಂದರಿನಲ್ಲಿ ಜನ ಸಿಕ್ಕಿಬಿದ್ದಾಗ ಪರಸ್ಪರ ಪರಿಚಯದ ಮೇಲೆ ಬಾಗಿಲು ಬೇಗ ತೆರೆಯುತ್ತದೆ. ಅದಕ್ಕೆ ನಮ್ಮೂರು ನೆಲೆಯಾಯಿತು ಎಂದು ನನಗೆ ತುಂಬಾ ಹೆಮ್ಮೆ.

ಹೊರದೇಶಕ್ಕೆ ಹೋಗುವ ನಮ್ಮ ಜಿಲ್ಲೆಯ ಹುಡುಗಿಯರಿಗೆ ಒಂದು ಕೋರಿಕೆ. ತಲುಪಿದ ಕೂಡಲೇ ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿ. ನನಗೆ ಆ ಫೋನ್ ಬಂದದ್ದು ನನ್ನ ಹೆಸರು ಅವರ ಪಟ್ಟಿಯಲ್ಲಿ ಇದ್ದದ್ದಕ್ಕೆ. ಪಾಸ್‌ಪೋರ್ಟ್‌ನ ನಕಲು ಮನೆಯಲ್ಲೂ ಒಂದು ಇರಲಿ.

ಇನ್ನು, ಮಾರ್ಚ್ 31ರ ರಾತ್ರಿ ಸುಮಿತ್ರಾದಲ್ಲಿ ಇದ್ದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಹಸುಗೂಸನ್ನು ನನ್ನ ಕೈಗಿತ್ತು ನಿದ್ದೆಹೋದ ತಾಯಿಯೊಬ್ಬರಿದ್ದರು, ಮಾತು ಹೈದರಾಬಾದ್ ಕಡೆಯದು. ಆ ಕೂಸು 2025ರಲ್ಲಿ ನಾಲ್ಕನೇ ಅಥವಾ ಐದನೇ ಕ್ಲಾಸಿನಲ್ಲಿದ್ದಿರಬೇಕು. ಅವರ ವಿಳಾಸ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.