ಮಂಜನಿಗೆ, ಆ ನೀಲಿ ಟೇಬಲ್ ಬಗ್ಗೆ

ಲೇ ಮಂಜಾ,

ದುರ್ಗದಿಂದ ನೀನು ಕಳಿಸಿದ ಫೋಟೋ ನೋಡಿದೆ. ಅಜ್ಜಿಯ ತೇಗದ ಪೆಟ್ಟಿಗೆಗೆ ‘ನಿನ್ನ ನೀಲಿ ಟೇಬಲ್ ಥರಾನೇ’ ಬಳ್ಳಿ ಬಿಡಿಸಬೇಕು ಅಂದಿದೀಯ. ಹತ್ತು ಜನ ಕೇಳಿದ್ದಕ್ಕೆ ಎಲ್ಲರೂ ಓದೋ ಹಂಗೆ ಬರೀತಿದೀನಿ. ಹಸಿರು ಸ್ಕೂಟರಿನ ಸುದ್ದಿ ಎತ್ತಲ್ಲ, ಹೆದರಬೇಡ.

ಮೊದಲು ಹಳೇ ಪಾಲಿಶ್ ಯಾವುದು ನೋಡು. ಹತ್ತಿಗೆ ಸ್ಪಿರಿಟ್ ಅದ್ದಿ ಪೆಟ್ಟಿಗೆಯ ತಳದಲ್ಲಿ ಉಜ್ಜು. ಅಂಟಂಟಾಗಿ ಕಂದು ಬಣ್ಣ ಬಿಟ್ಟರೆ ಅರಗಿನ (ಶೆಲ್ಯಾಕ್) ಪಾಲಿಶ್. ಥಿನ್ನರಿಗೆ ಮಾತ್ರ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಷ್ಷೋ ಪಿಯುವೋ (ಪಾಲಿಯುರೆಥೇನ್) ಇರಬೇಕು. ಹಳೇ ಎನಾಮೆಲ್ ಇದ್ದರೆ ಒಣ ಉಜ್ಜಬೇಡ. ಅದರಲ್ಲಿ ಸೀಸ ಇರಬಹುದು; ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 90) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ನೀರು ಹಚ್ಚಿ ಉಜ್ಜು, ಮಾಸ್ಕ್ ಕಟ್ಟು, ಮಗುನ ಹತ್ತಿರ ಬಿಡಬೇಡ.

ಉಜ್ಜೋಕಿಂತ ಮುಂಚೆ ತೊಳಿ. ಇದನ್ನೇ ಎಲ್ಲರೂ ತಿರುಗಾಮುರುಗಾ ಮಾಡೋದು. ದೇವರಮನೆ ಪಕ್ಕ ಇದ್ದ ಪೆಟ್ಟಿಗೆ, ದೀಪದೆಣ್ಣೆ, ಊದುಬತ್ತಿ ಹೊಗೆ ಎಲ್ಲಾ ಕೂತಿರುತ್ತೆ. ಹಂಗೇ ಉಜ್ಜಿದರೆ ಜಿಡ್ಡು ಮರದ ಸಂದಿಗೆ ಇಳಿಯುತ್ತೆ. ಲೀಟರ್ ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ, ಚೆನ್ನಾಗಿ ಹಿಂಡಿದ ಬಟ್ಟೆ, ಆಮೇಲೆ ಬರೀ ನೀರಲ್ಲಿ ಎರಡು ಸಲ ಒರೆಸು. ಪೂರ್ತಿ ಒಣಗಿದ ಮೇಲೆ 120ರ ಸ್ಯಾಂಡ್‌ಪೇಪರ್, ಹಿಂದೆಯೇ ಅದಕ್ಕಿಂತ ನುಣುಪಾದ 220. ಹೊಳಪು ಹೋದರೆ ಸಾಕು.

ತೇಗದ ಮೇಲೆ ನೇರ ಬಿಳಿ ಪ್ರೈಮರ್ ಹೊಡೆದರೆ ಮಾರನೇ ದಿನಕ್ಕೆ ಚಹಾ ಚೆಲ್ಲಿದ ಹಂಗೆ ಕಲೆ ಏಳುತ್ತೆ. ಮರದ ಒಗರು ಅದು, ಎಷ್ಟು ಕೋಟ್ ಹೊಡೆದರೂ ಮೇಲೆ ಬರುತ್ತೆ. ತಡೆಯೋದು ಅರಗು. 250 ಗ್ರಾಂ ಚಕ್ಕೆ ಅರಗನ್ನ ಲೀಟರ್ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕು. ಕರಗಿದ ಮೇಲೆ ಅಲ್ಲಾಡಿಸದೆ ಬಿಡು, ಮೇಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಎರಡು ಕೋಟ್ ಕೊಡು. ಮೇಣ ಸೇರಿದರೆ ಮೇಲಿನ ಬಣ್ಣ ಕಚ್ಚಲ್ಲ. ಜಡಿಮಳೇಲಿ ಹಚ್ಚಿದರೆ ಅರಗು ಬೆಳ್ಳಗಾಗುತ್ತೆ, ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಬ್ರಷ್ ಗೆರೆ ಹಂಗೇ ನಿಲ್ಲುತ್ತೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸು.

ಬಳ್ಳಿಗೆ ಓಎಚ್‌ಪಿ ಶೀಟ್ (ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಎಲೆ ಆಕಾರದ ತೂತು ಕತ್ತರಿಸಿಕೋ. ಅದ್ದಿದ ಬ್ರಷ್ಷನ್ನ ಪೇಪರ್ ಮೇಲೆ ಕುಟ್ಟಿ ಕುಟ್ಟಿ, ಬಣ್ಣ ಇದೆಯೋ ಇಲ್ಲವೋ ಅನ್ನೋ ಹಂಗಾದಾಗ ಶೀಟ್ ಮೇಲಿಡು. ಜಾಸ್ತಿ ಆದರೆ ಅಡಿಗೆ ಹರಿದು ಎಲೆ ಹೋಗಿ ಹುಳ ಆಗುತ್ತೆ. ಕೊನೆಗೆ ನೀರಿನ ವಾರ್ನಿಷ್ ತೆಳ್ಳಗೆ ಮೂರು ಸಲ. ಎಣ್ಣೆ ವಾರ್ನಿಷ್ ಹಳದಿಗೆ ತಿರುಗಿ ನೀಲಿಯನ್ನ ಹಸಿರು ಮಾಡುತ್ತೆ. (ನಗಬೇಡ.) ಕೈಗೆ ಒಣಗಿದೆ ಅನ್ನಿಸಿದರೂ ಗಟ್ಟಿಯಾಗೋಕೆ ಮೂರು ನಾಲ್ಕು ವಾರ ಬೇಕು.

ಇದೆಲ್ಲಾ ಇಷ್ಟು ಖಚಿತವಾಗಿ ಹೆಂಗೆ ಗೊತ್ತು ಅಂದರೆ, ಆ ನೀಲಿ ಟೇಬಲ್‌ಗೆ ಇದ್ಯಾವುದನ್ನೂ ನಾನು ಮಾಡಿರಲಿಲ್ಲ. ನಾಲ್ಕನೇ ದಿನ ಬಿಸಿ ಲೋಟ ಇಟ್ಟೆ, ಲೋಟದ ಜೊತೆ ಬಣ್ಣವೂ ಎದ್ದು ಬಂತು. ಈಗ ಬೆಳ್ಳುಳ್ಳಿ ಸಿಪ್ಪೆ ಥರ ಬಿಡ್ತಿದೆ. ಮೇಲೊಂದು ಬಟ್ಟೆ ಹಾಸಿದೀನಿ. ‘ಮೊದಲು’, ‘ಆಮೇಲೆ’ ಎರಡೇ ಫೋಟೋ ಹಾಕಿದ್ದು, ಇವತ್ತಿಗೂ ಕೇಳಿದವರಿಗೆಲ್ಲಾ ಅವೇ ತೋರಿಸ್ತೀನಿ. ಇನ್ನೂ ಹೇಳಬೇಕು ಅಂದರೆ, ಬಣ್ಣ ಹೊಡೆದಿದ್ದೇ ನಾನು ಕೆಡಿಸಿದ ಒಂದು ಜೋಡಣೆ ಮುಚ್ಚೋಕೆ. ಸಿಪ್ಪೆ ಎದ್ದ ಜಾಗದಲ್ಲಿ ಮೂರು ಬೆರಳಗಲ ತೇಗದ ಗೆರೆ ಕಾಣ್ತಿದೆ. ನನ್ನ ಬಳ್ಳಿಗಿಂತ ಅದೇ ಚಂದ ಇದೆ ಕಣಲೇ, ರಾತ್ರಿ ಬಟ್ಟೆ ಸರಿಸಿ ನೋಡ್ತಿರ್ತೀನಿ.

ಸಾಕು, ಇಷ್ಟೆಲ್ಲಾ ಬರೀಬೇಕು ಅಂತ ಇರಲಿಲ್ಲ. ನಿನ್ನ ಪೆಟ್ಟಿಗೆಯ ಚೌಕಟ್ಟು ಹಂಗೇ ಬಿಟ್ಟು, ನಡುವಿನ ಹಲಗೆಗಷ್ಟೇ ಬಣ್ಣ ಹೊಡಿ. ಅರಗು ಉಳಿದಿದ್ದರೆ ಇಲ್ಲಿಗೇ ತಾ, ಬೆಣ್ಣೆ ದೋಸೆ ಖರ್ಚು ನಿಂದು. ಬಸ್ಸಿಗೇ ಬಾ, ಸ್ಕೂಟರ್ ಬೇಡ.